ಸೇವಾ ಕ್ಲಬ್ಬಿನ ಸದಸ್ಯಬಲ ಕುಗ್ಗುತ್ತಿದೆ: ಹೊಸಬರನ್ನು ಹುಡುಕುವುದೋ, ಕ್ಲಬ್ಬನ್ನೇ ತಿದ್ದುವುದೋ?

ನಿಯೋಜಿತ ಅಧ್ಯಕ್ಷ (ಪ್ರಶ್ನೆ)

ಬರುವ ಜುಲೈ 1ರಿಂದ ಒಂದು ವರ್ಷದ ಅವಧಿಗೆ ನಾನು ನಮ್ಮ ರೋಟರಿ ಕ್ಲಬ್ಬಿನ ಅಧ್ಯಕ್ಷ ಸ್ಥಾನವನ್ನು ವಹಿಸಿಕೊಳ್ಳಬೇಕಾಗಿದೆ. ಪದಗ್ರಹಣಕ್ಕೆ ಇನ್ನೂ ನಾಲ್ಕು ತಿಂಗಳಿದ್ದರೂ ಸದಸ್ಯತ್ವದ ಚಿಂತೆ ಈಗಲೇ ಕಾಡುತ್ತಿದೆ. ಹತ್ತು ವರ್ಷಗಳ ಹಿಂದೆ ನಾನು ಸೇರಿದಾಗ 58 ಮಂದಿ ಇದ್ದ ಕ್ಲಬ್ಬಿನಲ್ಲಿ ಈಗ 34 ಮಂದಿ ಉಳಿದಿದ್ದೇವೆ. ಇವರಲ್ಲಿ ವಾರದ ಸಭೆಗೆ ತಪ್ಪದೆ ಬರುವವರು ಹದಿನೈದು ಮಂದಿ. ನಲವತ್ತು ವರ್ಷದೊಳಗಿನವರು ಇಬ್ಬರೇ.

ಏನೂ ಮಾಡದೆ ಕುಳಿತಿದ್ದೇವೆ ಎಂದಲ್ಲ. ಪ್ರತಿಯೊಬ್ಬರೂ ಒಬ್ಬರನ್ನು ಕರೆತರಬೇಕು ಎಂಬ ಅಭಿಯಾನವನ್ನು ಎರಡು ಬಾರಿ ನಡೆಸಿದ್ದೇವೆ, ಜಾಲತಾಣವನ್ನು ಹೊಸದಾಗಿ ಮಾಡಿಸಿದ್ದೇವೆ, ಫೇಸ್‌ಬುಕ್ ಪುಟ ತೆರೆದು ಪ್ರತಿ ಕಾರ್ಯಕ್ರಮದ ಚಿತ್ರಗಳನ್ನೂ ಹಾಕುತ್ತಿದ್ದೇವೆ. ಹಿಂದಿನ ಅಭಿಯಾನದಲ್ಲಿ ಒಂಬತ್ತು ಮಂದಿ ಸೇರಿದರು. ಒಂದೂವರೆ ವರ್ಷ ಕಳೆಯುವುದರೊಳಗೆ ಅವರಲ್ಲಿ ಏಳು ಮಂದಿ ಹೊರಟುಹೋದರು. ಈಗಿನವರಿಗೆ ಸೇವಾ ಮನೋಭಾವವೇ ಇಲ್ಲ ಎಂದು ಹಿರಿಯರು ಹೇಳುತ್ತಾರೆ. ಸಭೆಗಳು ಬೇಸರ ತರಿಸುತ್ತವೆ ಎಂದು ಕಿರಿಯರು ಹೇಳುತ್ತಾರೆ. ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ನನಗೆ ತಿಳಿಯುತ್ತಿಲ್ಲ.

ಸಭೆಗಳ ಸಂಖ್ಯೆಯನ್ನು ಇಳಿಸಬೇಕೇ, ಆನ್‌ಲೈನ್ ಸಭೆಗಳಿಗೆ ಅವಕಾಶ ಕೊಡಬೇಕೇ, ಶುಲ್ಕ ಕಡಿಮೆ ಮಾಡಬೇಕೇ? ಇಷ್ಟೆಲ್ಲ ಸಡಿಲಿಸಿದ ಮೇಲೆ ಕ್ಲಬ್ಬಿಗೆ ತನ್ನದೆನ್ನುವ ಗುಣ ಉಳಿಯುತ್ತದೆಯೇ? ಇಂತಹ ಸ್ಥಿತಿಯಿಂದ ಮೇಲೆದ್ದ ಕ್ಲಬ್ಬುಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಅನುಭವವನ್ನು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ಮಾಜಿ ಕಾರ್ಯದರ್ಶಿ

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಬಹುಪಾಲು ಅಡಗಿದೆ. ಒಂಬತ್ತು ಮಂದಿ ಸೇರಿ ಏಳು ಮಂದಿ ಹೊರಟರೆಂದರೆ ನಿಮ್ಮ ಕ್ಲಬ್ಬಿಗೆ ಸೇರಲು ಜನರಿದ್ದಾರೆ, ಆದರೆ ಸೇರಿದವರನ್ನು ಉಳಿಸಿಕೊಳ್ಳುವ ಏರ್ಪಾಡು ಇಲ್ಲ. ಹೀಗಿರುವಾಗ ಮೂರನೆಯ ಅಭಿಯಾನ ನಡೆಸುವುದು ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ನಾನು ಆರು ವರ್ಷ ಕಾರ್ಯದರ್ಶಿಯಾಗಿದ್ದೆ. ಮೊದಲ ನಾಲ್ಕು ವರ್ಷ ಸುರಿಯುವ ಕೆಲಸವನ್ನೇ ಮಾಡಿದೆ.

ಈ ನಾಲ್ಕು ತಿಂಗಳಲ್ಲಿ ಬೇರೇನನ್ನೂ ಆರಂಭಿಸದೆ ಸದಸ್ಯತ್ವದ ದಾಖಲೆ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಹತ್ತು ವರ್ಷಗಳಲ್ಲಿ ಸೇರಿದ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಸೇರಿದ ತಿಂಗಳು, ಬಿಟ್ಟ ತಿಂಗಳು, ಅವರನ್ನು ಕರೆತಂದ ಪ್ರಾಯೋಜಕರು ಯಾರು, ಸೇರಿದ ಮೊದಲ ಮೂರು ತಿಂಗಳಲ್ಲಿ ಅವರ ಕೈಗೆ ಯಾವ ಕೆಲಸ ಕೊಡಲಾಗಿತ್ತು ಎಂಬುದನ್ನು ಬರೆಯಿರಿ. ಕೊನೆಯ ಅಂಕಣವನ್ನು ತುಂಬುವಾಗ ನನ್ನ ಪೆನ್ನು ಮತ್ತೆ ಮತ್ತೆ ನಿಂತಿತು, ಏಕೆಂದರೆ ಹೆಚ್ಚಿನವರಿಗೆ ನಾವು ಕೊಟ್ಟದ್ದು ಅಂಗಿಗೆ ಚುಚ್ಚಿಕೊಳ್ಳುವ ಕ್ಲಬ್ಬಿನ ಒಂದು ಪಿನ್ನು, ಒಂದು ಕುರ್ಚಿ, ಇಷ್ಟೇ ಆಗಿತ್ತು. ಉಳಿದುಕೊಂಡವರು ಯಾರೆಂದು ನೋಡಿದರೆ, ಒಬ್ಬರು ಸೇರಿದ ತಿಂಗಳೇ ರಕ್ತದಾನಿಗಳ ಪಟ್ಟಿಯನ್ನು ನೋಡಿಕೊಳ್ಳುವ ಹೊಣೆ ಹೊತ್ತವರು, ಇನ್ನೊಬ್ಬರು ಕಾರ್ಯದರ್ಶಿ ಕಾಯಿಲೆ ಬಿದ್ದಾಗ ಎರಡು ತಿಂಗಳ ನಡಾವಳಿಯನ್ನು ಬರೆದವರು. ತಾವು ಬಾರದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂದು ತಿಳಿದವರು ಬಂದರು; ತಾವು ಬಂದರೂ ಬಾರದಿದ್ದರೂ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡವರು ಕೆಲವೇ ತಿಂಗಳಲ್ಲಿ ಬರುವುದನ್ನು ನಿಲ್ಲಿಸಿದರು.

ಅದಾದ ಮೇಲೆ, ಬಿಟ್ಟುಹೋದವರಿಗೆ ದೂರವಾಣಿ ಕರೆ ಮಾಡಿ. ಅವರನ್ನು ಕರೆತಂದ ಪ್ರಾಯೋಜಕರಿಂದ ಮಾಡಿಸಬೇಡಿ. ಸ್ನೇಹಿತರ ಮುಂದೆ ಯಾರೂ ನಿಜವಾದ ಕಾರಣವನ್ನು ಹೇಳುವುದಿಲ್ಲ, ಸಮಯ ಸಿಗುತ್ತಿಲ್ಲ ಎಂದು ಹೇಳಿ ಮುಗಿಸುತ್ತಾರೆ. ಮರಳಿ ಬನ್ನಿ ಎಂದು ಕೇಳುವುದೂ ಬೇಡ. ಯಾವ ದಿನ ಬಿಡಬೇಕೆಂದು ಅನಿಸಿತು, ಅಂದು ಏನಾಗಿತ್ತು ಎಂದಷ್ಟೇ ಕೇಳಿ ಸುಮ್ಮನಿರಿ. ಮಾತಿನ ನಡುವೆ ನಮ್ಮ ಕ್ಲಬ್ಬನ್ನು ಸಮರ್ಥಿಸಿಕೊಳ್ಳಲು ಹೊರಡುವ ಚಪಲವನ್ನು ತಡೆದುಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗ.

ನಿಯಮ ಸಡಿಲಿಸಿದರೆ ಗುಣ ಹೋಗುತ್ತದೆಯೇ ಎಂಬ ಆತಂಕಕ್ಕೆ ರೋಟರಿಯ ಚರಿತ್ರೆಯೇ ಉತ್ತರ ಕೊಡುತ್ತದೆ. 1905ರ ಫೆಬ್ರವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಮೊದಲ ಸಭೆ ಸೇರಿದಾಗ ಇಂದು ನಾವು ಸಂಪ್ರದಾಯವೆಂದು ಕರೆಯುವ ಯಾವುದೂ ಇರಲಿಲ್ಲ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದಲೇ ‘ರೋಟರಿ’, ಅಂದರೆ ಸರದಿಯಲ್ಲಿ ತಿರುಗುವುದು, ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎಂಬ ನಿಯಮವಿತ್ತು, ಅದು ಸಡಿಲಗೊಂಡಿತು. ವಾರಕ್ಕೊಂದು ಸಭೆ ಕಡ್ಡಾಯವಾಗಿತ್ತು, ರೋಟರಿಯ ನಿಯಮಗಳನ್ನು ರೂಪಿಸುವ ಶಾಸನ ಮಂಡಳಿಯ 2016ರ ತೀರ್ಮಾನದ ನಂತರ ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೆ ಸಾಕು, ಅವು ಮುಖಾಮುಖಿಯಾಗಿಯೋ ಆನ್‌ಲೈನಿನಲ್ಲಿಯೋ ಎರಡೂ ಬೆರೆತೋ ನಡೆಯಬಹುದು, ಹಾಜರಾತಿಯ ನಿಯಮವನ್ನು ಕ್ಲಬ್ಬು ತನ್ನ ಬೈಲಾದಲ್ಲೇ ತೀರ್ಮಾನಿಸಿಕೊಳ್ಳಬಹುದು. ಆದುದರಿಂದ ನೀವು ಕೇಳುತ್ತಿರುವ ಸಡಿಲಿಕೆಗಳಲ್ಲಿ ಹೆಚ್ಚಿನವು ಎಂದೋ ಸಿಕ್ಕಿವೆ. ನಮ್ಮ ಅನೇಕ ಕ್ಲಬ್ಬುಗಳ ಬೈಲಾಗಳು ಮಾತ್ರ ಹಳೆಯ ಕಾಲದಲ್ಲೇ ನಿಂತಿವೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆಯೂ ಸದಸ್ಯರ ಕೊರತೆಯಿಂದಲೇ ಶುರುವಾಯಿತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು ಸದಸ್ಯರು ಕಡಿಮೆಯಾಗುತ್ತಾ ಬಂದಾಗ, ಪುರುಷರಿಗೆ ಮಾತ್ರ ಎಂಬ ನಿಯಮವನ್ನು ಮೀರಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. 1978ರಲ್ಲಿ ಅದರ ಮಾನ್ಯತೆಯೇ ರದ್ದಾಯಿತು. ಅವರು ಎದೆಗುಂದದೆ ‘ಮಾಜಿ ರೋಟರಿ ಕ್ಲಬ್’ ಎಂದು ಹೆಸರಿಟ್ಟುಕೊಂಡು ಸಭೆ ಸೇರುತ್ತಲೇ ನ್ಯಾಯಾಲಯಕ್ಕೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮಹಿಳೆಯರ ಪರವಾಗಿ ತೀರ್ಪು ನೀಡಿತು. ಅದೇ ವರ್ಷ ಅಲ್ಲಿನ ಸಿಲ್ವಿಯಾ ವಿಟ್‌ಲಾಕ್ ರೋಟರಿ ಕ್ಲಬ್ಬೊಂದರ ಮೊದಲ ಮಹಿಳಾ ಅಧ್ಯಕ್ಷರಾದರು. 1989ರಲ್ಲಿ ಸಂಸ್ಥೆಯ ನಿಯಮವೇ ಬದಲಾಯಿತು. ಲಯನ್ಸ್ ಸಂಸ್ಥೆಯೂ 1987ರಲ್ಲೇ ಮಹಿಳೆಯರಿಗೆ ಬಾಗಿಲು ತೆರೆಯಿತು. ಇಂದು ಮಹಿಳಾ ಸದಸ್ಯರಿಲ್ಲದ ಕ್ಲಬ್ಬು ಹೇಗಿರಬಹುದೆಂದು ಊಹಿಸಿ ನೋಡಿ. ಗುಣ ಕೆಡುತ್ತದೆ ಎಂದು ಅಂದು ವಾದಿಸಿದವರೂ ಇಂತಹದೇ ಆತಂಕದಿಂದ ಮಾತನಾಡಿದ್ದರು.

ಮಧ್ಯದಲ್ಲೇ ಬಿಟ್ಟವಳು

ನಾನು ಹೇಳುವ ಕ್ಲಬ್ಬು ನಿಮ್ಮದಲ್ಲ, ಆದರೂ ನೀವು ಹೇಳಿದ ಏಳು ಮಂದಿಯಲ್ಲಿ ಒಬ್ಬಳಾಗಿ ಉತ್ತರಿಸುತ್ತಿದ್ದೇನೆ ಎಂದುಕೊಳ್ಳಿ. ಐದು ವರ್ಷ ರೋಟರಿಯ ಯುವಜನ ಸಂಘಟನೆಯಾದ ರೋಟರ‍್ಯಾಕ್ಟ್‌ನಲ್ಲಿದ್ದು, ಅಲ್ಲಿ ಕಾರ್ಯದರ್ಶಿಯೂ ಆಗಿದ್ದು, ಅನಂತರ ದೊಡ್ಡವರ ಕ್ಲಬ್ಬಿಗೆ ಸೇರಿದೆ. ಹದಿನಾಲ್ಕು ತಿಂಗಳು ಇದ್ದೆ.

ಸಭೆ ಒಂದೂವರೆ ಗಂಟೆಯದು. ಗಂಟೆ ಬಾರಿಸುವುದರಿಂದ ಹಿಡಿದು ಅತಿಥಿಗಳ ಪರಿಚಯ, ಬಂದಿರುವ ಮಾಜಿ ಅಧ್ಯಕ್ಷರನ್ನೆಲ್ಲ ಹೆಸರು ಹಿಡಿದು ಸ್ವಾಗತಿಸುವುದು, ಹುಟ್ಟುಹಬ್ಬ ಮತ್ತು ವಿವಾಹ ವಾರ್ಷಿಕೋತ್ಸವಗಳ ಘೋಷಣೆ, ಹಿಂದಿನ ಕಾರ್ಯಕ್ರಮದ ವರದಿ, ಆ ವರದಿಗೆ ಮೆಚ್ಚುಗೆ, ಮೆಚ್ಚುಗೆಗೆ ವಂದನೆ ಎಲ್ಲವೂ ಮುಗಿಯುವಾಗ ಒಂದು ಗಂಟೆ ಕಳೆದಿರುತ್ತಿತ್ತು. ಮುಂದೆ ಯಾವ ಕೆಲಸ ಮಾಡೋಣ ಎಂಬ ಚರ್ಚೆಗೆ ಹತ್ತು ನಿಮಿಷ ಉಳಿದರೆ ಅದೇ ಹೆಚ್ಚು. ನನಗೆ ವಹಿಸಿದ ಕೆಲಸ ಕಾರ್ಯಕ್ರಮ ನಿರೂಪಣೆ ಮತ್ತು ಫೇಸ್‌ಬುಕ್ಕಿಗೆ ಚಿತ್ರ ಹಾಕುವುದು. ಕಿರಿಯಳು, ಅದರಲ್ಲೂ ಹೆಣ್ಣು ಎಂದಮೇಲೆ ಮೈಕು ಮತ್ತು ಮೊಬೈಲು ಎರಡೂ ನನ್ನವೇ ಎಂದು ಯಾರೂ ಕೇಳದೆಯೇ ತೀರ್ಮಾನವಾಗಿತ್ತು.

ಬಿಡಬೇಕೆಂದು ಅನಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾವು ನೇತ್ರ ತಪಾಸಣೆ ಶಿಬಿರ ನಡೆಸಿದ್ದೆವು; ಬಂದವರಲ್ಲಿ ಹಲವರಿಗೆ ಕನ್ನಡಕ ಬೇಕೆಂದು ವೈದ್ಯರು ಬರೆದುಕೊಟ್ಟಿದ್ದರು. ಅವರಲ್ಲಿ ಎಷ್ಟು ಮಂದಿ ನಿಜವಾಗಿ ಕನ್ನಡಕ ಮಾಡಿಸಿಕೊಂಡರೆಂದು ವಿಚಾರಿಸಿ, ಮಾಡಿಸಿಕೊಳ್ಳಲಾಗದವರಿಗೆ ನಾವೇ ಮಾಡಿಸಿಕೊಡೋಣ, ಪಟ್ಟಿ ನಾನು ಮಾಡುತ್ತೇನೆ ಎಂದು ಸಭೆಯಲ್ಲಿ ಹೇಳಿದೆ. ಶಿಬಿರದ ವರದಿ ಈಗಾಗಲೇ ರೋಟರಿ ಜಿಲ್ಲೆಗೆ (ಹಲವು ಕ್ಲಬ್ಬುಗಳ ಮೇಲಿನ ಘಟಕಕ್ಕೆ) ಹೋಗಿದೆ, ಉಳಿದದ್ದನ್ನು ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಯಾರೂ ಒರಟಾಗಿ ಮಾತನಾಡಲಿಲ್ಲ, ಎಲ್ಲರೂ ನಗುತ್ತಲೇ ಇದ್ದರು. ಆದರೆ ವರದಿ ಹೋದ ಮೇಲೆ ಕೆಲಸ ಮುಗಿಯಿತು ಎಂದು ತಿಳಿಯುವ ಕಡೆ ನನಗೆ ಜಾಗವಿಲ್ಲ ಎಂದು ಅಂದೇ ಅರ್ಥವಾಯಿತು.

ಸೇವಾ ಮನೋಭಾವ ಇಲ್ಲದೆ ಬಿಟ್ಟೆನೇ ಎಂದು ಯಾರಾದರೂ ಕೇಳಿದರೆ, ಈಗ ನಾವು ನಾಲ್ವರು ಗೆಳತಿಯರು ಪ್ರತಿ ಶನಿವಾರ ಎರಡು ಗಂಟೆ ಮಕ್ಕಳಿಗೆ ಓದು ಕಲಿಸುತ್ತಿದ್ದೇವೆ ಎಂಬುದೇ ನನ್ನ ಉತ್ತರ. ನಮ್ಮ ಗುಂಪಿಗೆ ಹೆಸರಿಲ್ಲ, ಪಿನ್ನಿಲ್ಲ. ಒಂದು ಕೊರತೆಯನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ: ನಮ್ಮಲ್ಲಿ ಇಬ್ಬರು ಊರು ಬಿಟ್ಟರೆ ಅಂದೇ ಈ ಕೆಲಸ ನಿಲ್ಲುತ್ತದೆ. ಕ್ಲಬ್ಬಿಗೆ ಇರುವ ಬಾಳಿಕೆ ನಮಗಿಲ್ಲ.

ಮೂವತ್ತು ವರ್ಷಗಳಿಂದ ಸದಸ್ಯ

ತಂಗಿಯ ಮಾತುಗಳನ್ನು ಓದಿ ಮುಜುಗರವಾಯಿತು, ಏಕೆಂದರೆ ಆ ಸಭೆಯಲ್ಲಿ ನಗುತ್ತಿದ್ದವರಲ್ಲಿ ನನ್ನಂತಹವನೂ ಇದ್ದಿರಬಹುದು. ಸ್ವಾಗತ, ವಂದನೆಗಳನ್ನು ಹತ್ತು ನಿಮಿಷಕ್ಕೆ ಇಳಿಸಬೇಕೆಂಬುದನ್ನು ಯಾವ ವಾದವೂ ಇಲ್ಲದೆ ಒಪ್ಪುತ್ತೇನೆ. ಮಾಜಿ ಅಧ್ಯಕ್ಷರ ಹೆಸರು ಹೇಳದಿದ್ದರೆ ಯಾವ ಮಾಜಿ ಅಧ್ಯಕ್ಷರೂ ಸಾಯುವುದಿಲ್ಲ, ನಾನೂ ಅವರಲ್ಲೊಬ್ಬ.

ಆದರೆ ಸಭೆಗಳನ್ನು ಕಡಿಮೆ ಮಾಡುವುದೇ ಆಧುನಿಕತೆ ಎಂಬ ನಂಬಿಕೆಯ ಬಗ್ಗೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸಬೇಕು. ನಾನು ಸೇರಿದ ಕಾಲದಲ್ಲಿ ಸತತವಾಗಿ ನಾಲ್ಕು ಸಭೆಗಳನ್ನು ತಪ್ಪಿಸಿದರೆ ಸದಸ್ಯತ್ವವೇ ಹೋಗಬಹುದಾಗಿತ್ತು. ಪ್ರಯಾಣದಲ್ಲಿದ್ದರೆ ಬೇರೆ ಊರಿನ ಕ್ಲಬ್ಬಿನ ಸಭೆಗೆ ಹೋಗಿ ಮೇಕಪ್ ಮಾಡಿಕೊಂಡು (ತಪ್ಪಿದ ಹಾಜರಾತಿಯನ್ನು ತುಂಬಿಕೊಂಡು), ಹಾಜರಾದ ಬಗ್ಗೆ ಚೀಟಿ ತಂದು ಕಾರ್ಯದರ್ಶಿಗೆ ಕೊಡುತ್ತಿದ್ದೆವು. ವಯಸ್ಸು ಮತ್ತು ಸದಸ್ಯತ್ವದ ವರ್ಷಗಳನ್ನು ಕೂಡಿದಾಗ 85 ಆದವರು, ಕನಿಷ್ಠ 20 ವರ್ಷ ಸದಸ್ಯರಾಗಿದ್ದರೆ, ಹಾಜರಾತಿಯಿಂದ ವಿನಾಯಿತಿ ಕೇಳಬಹುದು ಎಂಬ ನಿಯಮವೂ ಇದೆ. ನನಗೆ ಆ ಅರ್ಹತೆ ಬಂದು ಕೆಲವು ವರ್ಷಗಳಾದರೂ ಅರ್ಜಿ ಕೊಡಲು ಮನಸ್ಸು ಬಂದಿಲ್ಲ. ಏಕೆಂದರೆ ವಾರವಾರ ಒಂದೇ ಮೇಜಿನ ಸುತ್ತ ಕುಳಿತದ್ದರಿಂದಲೇ ಕಟ್ಟಡದ ಗುತ್ತಿಗೆದಾರ, ಮಕ್ಕಳ ವೈದ್ಯ, ಶಾಲಾ ಶಿಕ್ಷಕ ಈ ಮೂವರೂ ರಾತ್ರಿ ಹನ್ನೊಂದಕ್ಕೂ ಪರಸ್ಪರ ಕರೆ ಮಾಡಬಹುದಾದ ಸ್ನೇಹಿತರಾದರು. ನೆರೆ ಬಂದ ವರ್ಷ ಒಂದು ರಾತ್ರಿಯಲ್ಲಿ ನಾವು ಮೂರು ವಾಹನಗಳನ್ನು ಹೊರಡಿಸಿದ್ದು ಯಾವ ಸುತ್ತೋಲೆಯಿಂದಲೂ ಅಲ್ಲ.

ಸಭೆ ಕಡಿಮೆ ಮಾಡುವುದಾದರೆ ಮಾಡಿ, ಆದರೆ ಆ ಜಾಗಕ್ಕೆ ಏನು ಬರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಎರಡು ಸಭೆ, ಎರಡು ಸೇವಾ ಕೆಲಸ ಎಂದಾದರೆ ನಾನು ಮೊದಲು ಕೈ ಎತ್ತುತ್ತೇನೆ, ಏಕೆಂದರೆ ಜೊತೆಯಲ್ಲಿ ಗಿಡ ನೆಡುವಾಗಲೂ ಸ್ನೇಹ ಬೆಳೆಯುತ್ತದೆ. ನಾಲ್ಕು ಸಭೆಗಳ ಜಾಗದಲ್ಲಿ ಎರಡು ಸಭೆ ಮತ್ತು ಎರಡು ಖಾಲಿ ವಾರಗಳು ಬಂದರೆ, ಎರಡು ವರ್ಷಗಳಲ್ಲಿ ಆ ಎರಡಕ್ಕೂ ಯಾರೂ ಬರುವುದಿಲ್ಲ. ಆನ್‌ಲೈನ್ ಸಭೆಯ ಬಗ್ಗೆ ಎಲ್ಲರೂ ಯುವಕರ ದೃಷ್ಟಿಯಿಂದಲೇ ಮಾತನಾಡುತ್ತಾರೆ. ನಮ್ಮಲ್ಲಿ ಅದರಿಂದ ಹೆಚ್ಚು ಪ್ರಯೋಜನ ಪಡೆದವರು ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ನಮ್ಮ ಹಿರಿಯರೇ.

ಖಜಾಂಚಿ

ಶುಲ್ಕದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಾದ್ದರಿಂದ ನಾನು ಕೊಡುತ್ತೇನೆ. ಶುಲ್ಕವನ್ನು ಒಟ್ಟಾರೆ ಇಳಿಸಲು ಹೊರಡುವ ಮೊದಲು ಅದನ್ನು ಬಿಡಿಸಿ ನೋಡಿ: ಅಂತರರಾಷ್ಟ್ರೀಯ ಸಂಸ್ಥೆಗೆ ಎಷ್ಟು, ಜಿಲ್ಲೆಗೆ ಎಷ್ಟು, ಸಭೆಯ ಊಟ ಮತ್ತು ಸಭಾಂಗಣಕ್ಕೆ ಎಷ್ಟು. ಮೊದಲೆರಡನ್ನು ನೀವು ಮುಟ್ಟುವಂತಿಲ್ಲ. ಹೊಸಬರಿಗೆ ಭಾರವಾಗುವುದು ಹೆಚ್ಚಾಗಿ ಮೂರನೆಯದು. ತಾನು ಉಣ್ಣದ ಊಟಕ್ಕೆ ಹಣ ಕೊಡಬೇಕಾಗಿ ಬಂದವರು ಒಂದು ವರ್ಷ ಸಹಿಸುತ್ತಾರೆ, ಎರಡನೆಯ ವರ್ಷ ಸಹಿಸುವುದಿಲ್ಲ. ನಾವು ಊಟವನ್ನು ಶುಲ್ಕದಿಂದ ಬೇರ್ಪಡಿಸಿ, ಬೇಕಾದವರು ಅಂದೇ ಕೊಡಲಿ ಎಂದು ಮಾಡಿದ ಮೇಲೆ ಕಿರಿಯ ಸದಸ್ಯರ ಬಾಕಿ ಬಹುಮಟ್ಟಿಗೆ ನಿಂತಿತು. ಲಯನ್ಸ್‌ನಲ್ಲಿ ಕುಟುಂಬ ಸದಸ್ಯತ್ವವಿದೆ. ಒಂದೇ ಮನೆಯ ಮೊದಲ ಸದಸ್ಯರು ಪೂರ್ತಿ ಅಂತರರಾಷ್ಟ್ರೀಯ ಶುಲ್ಕ ಕೊಟ್ಟರೆ ಮುಂದಿನ ನಾಲ್ವರವರೆಗೆ ಅರ್ಧ ಶುಲ್ಕ ಸಾಕು. ಒಬ್ಬರು ಸಭೆಗೆ ಬಂದರೆ ಇನ್ನೊಬ್ಬರು ಮನೆಯಲ್ಲಿ ಗೊಣಗುವ ಸಮಸ್ಯೆಗೂ ಅದು ತಕ್ಕಮಟ್ಟಿಗೆ ಮದ್ದು.

ಇನ್ನೊಂದು ಮಾತು ಕಹಿಯಾದದ್ದು. ಜೂನ್ ತಿಂಗಳಲ್ಲಿ ಪ್ರಶಸ್ತಿಗಾಗಿ ಅಳಿಯಂದಿರು, ನೆಂಟರು, ಅಂಗಡಿಯ ಗುಮಾಸ್ತರು ಎಲ್ಲರನ್ನೂ ಸದಸ್ಯರೆಂದು ಬರೆದು, ಜುಲೈಯ ಬಿಲ್ಲು ಬಂದಾಗ ಅವರನ್ನೆಲ್ಲ ತೆಗೆದುಹಾಕುವ ಪದ್ಧತಿಯನ್ನು ಹಲವು ಕಡೆ ನೋಡಿದ್ದೇನೆ. ಈ ಕಾಗದದ ಸದಸ್ಯರಿಗೆ ಕ್ಲಬ್ಬಿನ ಹಣದಿಂದಲೇ ಶುಲ್ಕ ಕಟ್ಟಿದ್ದನ್ನೂ ನೋಡಿದ್ದೇನೆ. ಅಧ್ಯಕ್ಷರ ಅವಧಿ ಒಂದೇ ವರ್ಷವಾದ್ದರಿಂದ ಈ ಆಸೆ ಹುಟ್ಟುವುದು ಸಹಜ. ಆದುದರಿಂದ ಸದಸ್ಯತ್ವ ಸಮಿತಿಯಲ್ಲಿ ಈಗಿನ ಅಧ್ಯಕ್ಷರು, ನೀವು, ನಿಮ್ಮ ನಂತರ ಬರುವವರು ಮೂವರೂ ಇರಲಿ, ಗುರಿ ಮೂರು ವರ್ಷದ್ದಾಗಿರಲಿ, ಎಷ್ಟು ಮಂದಿ ಸೇರಿದರು ಎಂಬುದಕ್ಕಿಂತ ಹಿಂದಿನ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನು ಪ್ರತಿ ತಿಂಗಳ ಮಂಡಳಿ ಸಭೆಯಲ್ಲಿ ಓದಲಿ. ಯಾರು ಬಿಡಲಿದ್ದಾರೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು ಖಜಾಂಚಿಗೆ. ಅವರನ್ನೂ ಸಮಿತಿಗೆ ಸೇರಿಸಿಕೊಳ್ಳಿ.

ನಿಯೋಜಿತ ಅಧ್ಯಕ್ಷ

ಎಲ್ಲರಿಗೂ ಕೃತಜ್ಞತೆಗಳು. ಒಂದು ಅಡಚಣೆಯನ್ನು ಮುಚ್ಚಿಡದೆ ಹೇಳುತ್ತೇನೆ. ವಾರದ ಸಭೆಯ ಕ್ರಮವನ್ನು ಬದಲಿಸಲು ನಮ್ಮ ಮಂಡಳಿಯ ಹಿರಿಯರು ಒಪ್ಪುವ ಸಾಧ್ಯತೆ ತೀರಾ ಕಡಿಮೆ. ಅವರನ್ನು ಎದುರುಹಾಕಿಕೊಂಡು ಬೈಲಾ ತಿದ್ದಲು ಹೊರಟರೆ ನನ್ನ ವರ್ಷವೆಲ್ಲ ಅದರಲ್ಲೇ ಮುಗಿಯುತ್ತದೆ. ಅವರಿಗೆ ನೋವಾಗದಂತೆಯೂ ಹೊಸಬರಿಗೆ ಜಾಗವಾಗುವಂತೆಯೂ ಏನಾದರೂ ದಾರಿ ಇದೆಯೇ?

ಮಾಜಿ ಕಾರ್ಯದರ್ಶಿ

ಇದೆ, ಮತ್ತು ಅದಕ್ಕೆ ನಿಯಮದಲ್ಲೇ ಅವಕಾಶವಿದೆ. ರೋಟರಿಯಲ್ಲಿ ಕನಿಷ್ಠ ಎಂಟು ಮಂದಿ ಸೇರಿ ಸ್ಯಾಟಲೈಟ್ ಕ್ಲಬ್ ಆರಂಭಿಸಬಹುದು. ಅವರು ಮೂಲ ಕ್ಲಬ್ಬಿನ ಸದಸ್ಯರೇ ಆಗಿರುತ್ತಾರೆ, ನಿಮ್ಮ ಲೆಕ್ಕಕ್ಕೇ ಸೇರುತ್ತಾರೆ, ಆದರೆ ಸಭೆಯ ದಿನ, ಸಮಯ, ರೀತಿ ಎಲ್ಲವೂ ಅವರದೇ. ಲಯನ್ಸ್‌ನಲ್ಲಿ ಇದೇ ಬಗೆಯ ಶಾಖಾ ಕ್ಲಬ್ಬಿಗೆ ಐದು ಮಂದಿ ಸಾಕು. ಹೊಸ ಕ್ಲಬ್ಬಿಗೆ 20 ಮಂದಿ ಬೇಕು ಎಂಬುದಕ್ಕೆ ಹೋಲಿಸಿದರೆ ಇದು ಎಷ್ಟು ಸುಲಭವೆಂದು ನೋಡಿ. ಶನಿವಾರ ಮಕ್ಕಳಿಗೆ ಓದು ಕಲಿಸುವ ಆ ನಾಲ್ವರು ಗೆಳತಿಯರಂತಹವರು ನಿಮ್ಮ ಊರಿನಲ್ಲೂ ಇರುತ್ತಾರೆ. ಅವರನ್ನು ವಾರದ ಸಭೆಗೆ ಎಳೆದು ತರಬೇಡಿ. ಅವರು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ನೀವೇ ಹೋಗಿ ಒಂದು ಶನಿವಾರ ಕೈಜೋಡಿಸಿ, ಅನಂತರ ಮಾತು ತೆಗೆಯಿರಿ. ಅವರಿಗೆ ಬೇಕಾದ ಬಾಳಿಕೆ ನಿಮ್ಮಲ್ಲಿದೆ.

ಒಂದೇ ಎಚ್ಚರಿಕೆ: ಆ ಗುಂಪನ್ನು ಮಕ್ಕಳ ವಿಭಾಗದಂತೆ ಕಾಣಬೇಡಿ. ರೋಟರ‍್ಯಾಕ್ಟ್ 1968ರಲ್ಲಿ ಹುಟ್ಟಿದ್ದರೂ ಅದರ ಕ್ಲಬ್ಬುಗಳಿಗೆ ರೋಟರಿ ಇಂಟರ್‌ನ್ಯಾಷನಲ್‌ನ ಸದಸ್ಯತ್ವದ ಸ್ಥಾನ ಸಿಗಲು 2019ರ ತೀರ್ಮಾನ ಬೇಕಾಯಿತು. ಅಷ್ಟು ವರ್ಷ ಎಷ್ಟು ಮಂದಿ ವಯಸ್ಸಿನ ಮಿತಿ ದಾಟಿ ಹಾಗೆಯೇ ಕಣ್ಮರೆಯಾದರೋ! ನಿಮ್ಮ ಮಂಡಳಿಯಲ್ಲಿ ಅವರಿಗೆ ಮತವಿರುವ ಒಂದು ಸ್ಥಾನವನ್ನು ಮೊದಲ ದಿನವೇ ಕೊಡಿ.

ನಿಯೋಜಿತ ಅಧ್ಯಕ್ಷ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ದಾಖಲೆ ಪುಸ್ತಕದ ಕೆಲಸವನ್ನು ನಮ್ಮ ಕ್ಲಬ್ಬಿನ ಖಜಾಂಚಿಯವರ ಜೊತೆ ಕುಳಿತು ಮುಗಿಸಿದೆ. ಹತ್ತು ವರ್ಷಗಳಲ್ಲಿ ಸೇರಿ ಇನ್ನೂ ಉಳಿದಿರುವವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಮೊದಲ ವರ್ಷದಲ್ಲೇ ಯಾವುದೋ ಒಂದು ಹೊಣೆ ಹೊತ್ತವರು. ಸ್ವಾಗತದ ಭಾಗವನ್ನು ಹತ್ತು ನಿಮಿಷಕ್ಕೆ ಇಳಿಸುವ ಪ್ರಸ್ತಾಪವನ್ನು ಮಂಡಳಿಯಲ್ಲಿ ಇಟ್ಟಾಗ, ನಾನು ಹೆದರಿದ್ದ ಹಿರಿಯರೇ ಅದನ್ನು ಅನುಮೋದಿಸಿದರು. ಸ್ಯಾಟಲೈಟ್ ಕ್ಲಬ್ಬಿನ ಮಾತು ಮಾತ್ರ ಮುಂದಿನ ಸಭೆಗೆ ಹೋಗಿದೆ.

ಬಿಟ್ಟುಹೋದ ಏಳು ಮಂದಿಯಲ್ಲಿ ಐವರಿಗೆ ಕರೆ ಮಾಡಿದೆ. ಇಬ್ಬರು ಊರು ಬಿಟ್ಟಿದ್ದಾರೆ. ಇಬ್ಬರು ಹೆಚ್ಚುಕಡಿಮೆ ಮೇಲೆ ಹೇಳಿರುವ ಕಾರಣಗಳನ್ನೇ ಹೇಳಿದರು. ಐದನೆಯವರು ತಾವು ಬಿಟ್ಟೇ ಇಲ್ಲ ಎಂದರು. ಎರಡು ಸಭೆಗಳಿಗೆ ಬಾರದ ಮೇಲೆ ಅವರ ಹೆಸರನ್ನು ವಾಟ್ಸಾಪ್ ಗುಂಪಿನಿಂದ ಯಾರೋ ತೆಗೆದುಹಾಕಿದ್ದರಂತೆ. ಅದನ್ನೇ ಕ್ಲಬ್ಬಿನ ತೀರ್ಮಾನವೆಂದು ತಿಳಿದು ಅವರು ಸುಮ್ಮನಾಗಿದ್ದರು. ಆ ಗುಂಪಿನ ಅಡ್ಮಿನ್ ಅಂದಿನಿಂದ ಇಂದಿನವರೆಗೂ ನಾನೊಬ್ಬನೇ.